ನಾಲ್ಕೂ ಮಕ್ಕಳಿಗೆ ಒಂದೇ ದಿನ ಜ್ವರ

ದಾವಣಗೆರೆಯ ಓದುಗರೊಬ್ಬರು ಕಳೆದ ತಿಂಗಳು ಬರೆದ ಪತ್ರ ಇನ್ನೂ ನನ್ನ ಮೇಜಿನ ಮೇಲಿದೆ. ಅವರ ಆಟೋಮ್ಯಾಟಿಕ್ ಕಾರು ಹೆದ್ದಾರಿಯಲ್ಲಿ ಓಡುತ್ತಿದ್ದಾಗಲೇ ಜರ್ಕ್ ಹೊಡೆದು ಒಂದೇ ಗೇರಿಗೆ ಅಂಟಿಕೊಂಡಿತಂತೆ. ಸರ್ವೀಸ್ ಸೆಂಟರಿನವರು ಸ್ಕ್ಯಾನರ್ ಹಾಕಿ ನೋಡಿ ‘ಟಿಸಿಎಂ ಹೋಗಿದೆ’ ಅಂದರು. ಎಪ್ಪತ್ತು ಸಾವಿರ ಚಿಲ್ಲರೆ ಕೊಟ್ಟು ಹೊಸದು ಹಾಕಿಸಿದ್ದಾಯಿತು. ಹದಿನೆಂಟನೆಯ ದಿನ ಅದೇ ಜರ್ಕ್, ಅದೇ ದೀಪ, ಅದೇ ಗೇರು. ‘ಹೊಸ ಟಿಸಿಎಂ ಕೂಡ ಕೆಟ್ಟಿದೆಯಂತೆ. ಇನ್ನೊಂದು ಹಾಕಬೇಕಂತೆ. ನಾನೀಗ ಏನು ಮಾಡಲಿ?’ ಎಂದು ಕೇಳಿದ್ದಾರೆ. ಊರು ಬೇರೆ, ಕಾರು ಬೇರೆ, ಆದರೆ ಇದೇ ಕಥೆಯ ಪತ್ರಗಳು ನನಗೆ ಮೂರು ವರ್ಷಗಳಿಂದ ಬರುತ್ತಲೇ ಇವೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವ ಬದಲು ಈ ವಾರದ ಜಾಗವನ್ನೆಲ್ಲ ಇದಕ್ಕೇ ಕೊಡುತ್ತಿದ್ದೇನೆ.

ಟಿಸಿಎಂ ಅಂದರೆ ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್. ಅಂಗೈಯಷ್ಟಗಲದ ಒಂದು ಪೆಟ್ಟಿಗೆ, ಒಳಗೊಂದು ಸರ್ಕ್ಯೂಟ್ ಬೋರ್ಡು, ಹೊರಗೆ ಹತ್ತಾರು ಪಿನ್ನುಗಳ ಸಾಕೆಟ್ಟು. ಗೇರ್‌ಬಾಕ್ಸಿಗೆ ಒಳಬರುವ ವೇಗ ಎಷ್ಟು, ಹೊರಹೋಗುವ ವೇಗ ಎಷ್ಟು, ನೀವು ಆಕ್ಸಿಲರೇಟರನ್ನು ಎಷ್ಟು ಒತ್ತಿದ್ದೀರಿ, ಬ್ರೇಕಿನ ಮೇಲೆ ಕಾಲಿದೆಯೇ, ಗೇರ್ ಲಿವರ್ ಯಾವ ಮನೆಯಲ್ಲಿದೆ, ಎಣ್ಣೆ ಎಷ್ಟು ಬಿಸಿಯಾಗಿದೆ ಎಂಬುದನ್ನೆಲ್ಲ ಅದು ಬಿಡುವಿಲ್ಲದೆ ಓದುತ್ತಿರುತ್ತದೆ. ಓದಿ, ಗೇರ್‌ಬಾಕ್ಸಿನ ಒಳಗಿರುವ ಸೊಲೆನಾಯ್ಡ್‌ಗಳಿಗೆ ಕರೆಂಟು ಕಳಿಸುತ್ತದೆ. ಸೊಲೆನಾಯ್ಡ್ ಎಂದರೆ ಕರೆಂಟಿನಿಂದ ತೆರೆದು ಮುಚ್ಚುವ ಪುಟ್ಟ ನಲ್ಲಿ. ನಲ್ಲಿ ತೆರೆದ ಕಡೆಗೆ ಎಣ್ಣೆಯ ಒತ್ತಡ ಹರಿಯುತ್ತದೆ, ಆ ಕಡೆಯ ಕ್ಲಚ್ಚು ಹಿಡಿಯುತ್ತದೆ, ಗೇರು ಬದಲಾಗುತ್ತದೆ. ಟಿಸಿಎಂಗೆ ತಾನು ಕಳಿಸಿದ ಆಜ್ಞೆಯ ಮೇಲೆ, ಇಲ್ಲವೇ ಓದಿದ ಲೆಕ್ಕದ ಮೇಲೆ ನಂಬಿಕೆ ಹೋದರೆ ಅದು ಎಲ್ಲ ಸೊಲೆನಾಯ್ಡ್‌ಗಳ ಕರೆಂಟನ್ನೂ ಕಿತ್ತುಬಿಡುತ್ತದೆ. ಕರೆಂಟಿಲ್ಲದೆಯೂ ಎಣ್ಣೆಯ ಒತ್ತಡದಿಂದಲೇ ಹಿಡಿದು ನಿಲ್ಲುವ ಒಂದು ಗೇರನ್ನು ತಯಾರಕರು ಮೊದಲೇ ಇಟ್ಟಿರುತ್ತಾರೆ. ಕೆಲವು ಕಾರುಗಳಲ್ಲಿ ಅದು ಎರಡನೆಯದು, ಕೆಲವದರಲ್ಲಿ ಮೂರನೆಯದು. ಇದನ್ನೇ ಲಿಂಪ್ ಮೋಡ್ ಎನ್ನುವುದು. ಕಾರು ಕುಂಟುತ್ತಲಾದರೂ ನಿಮ್ಮನ್ನು ಊರು ಮುಟ್ಟಿಸಲಿ ಎಂಬ ಏರ್ಪಾಡು ಅದು. ಆ ಏರ್ಪಾಡೇ ಕಾಯಿಲೆ ಅಂತ ತಿಳಿದು ಗಾಬರಿಯಾಗುವವರು ಬಹಳ ಮಂದಿ.

ನನಗೂ ಹಾಗೇ ಆಗಿತ್ತು. ಆಗಸ್ಟ್ ತಿಂಗಳ ಮಳೆಯಲ್ಲಿ ಮಂಗಳೂರಿನಿಂದ ಬರುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಹಿಡಿದಿದ್ದೇವೆ, ಮುಂದೆ ಟ್ಯಾಂಕರುಗಳ ಸಾಲು, ಎಸಿ ಹಾಕದಿದ್ದರೆ ಗಾಜು ಮಂಜಾಗುತ್ತದೆ. ಒಂದು ಗುಂಡಿಯಲ್ಲಿ ಚಕ್ರ ಇಳಿದು ಏಳುವಷ್ಟರಲ್ಲಿ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಜರ್ಕ್ ಬಂತು. ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಆಮೇಲೆ ಎಷ್ಟು ಒತ್ತಿದರೂ ಇಂಜಿನ್ ಹುಯಿಲಿಡುತ್ತದೆಯೇ ಹೊರತು ಗೇರು ಬದಲಾಗದು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಆ ಏರಿನಲ್ಲಿ, ಆ ಮಳೆಯಲ್ಲಿ, ಹಿಂದೆ ಲಾರಿಗಳ ಹಾರನ್ನು ಕೇಳುತ್ತ ಮಾರನಹಳ್ಳಿ ಮುಟ್ಟುವವರೆಗೆ ನನ್ನ ಕೈ ಸ್ಟೀರಿಂಗಿನ ಮೇಲೆ ಬೆವರುತ್ತಿದ್ದದ್ದು ಇವತ್ತಿಗೂ ನೆನಪಿದೆ. ಅಂಗಡಿಯೊಂದರ ಮುಂದೆ ನಿಲ್ಲಿಸಿ ಕೀ ತೆಗೆದು ಕಾಫಿ ಕುಡಿದು ಮತ್ತೆ ಸ್ಟಾರ್ಟ್ ಮಾಡಿದರೆ ಎಲ್ಲ ಸರಿ! ಒಂದನೇ ಗೇರಿನಿಂದ ಆರನೆಯದರವರೆಗೂ ಬೆಣ್ಣೆಯ ಹಾಗೆ ಹೋಯಿತು. ಸಕಲೇಶಪುರ ದಾಟಿದ ಮೇಲೆ ಮತ್ತೆ ಅದೇ ಜರ್ಕ್.

ಹಾಸನದ ಸರ್ವೀಸ್ ಸೆಂಟರಿನಲ್ಲಿ ಸ್ಕ್ಯಾನರ್ ಚುಚ್ಚಿ ಹತ್ತು ನಿಮಿಷಕ್ಕೆ ಚೀಟಿ ಕೊಟ್ಟರು. ಪಿ0700, ಜೊತೆಗೆ ನಾಲ್ಕು ಸೊಲೆನಾಯ್ಡ್‌ಗಳ ಹೆಸರಿನಲ್ಲಿ ನಾಲ್ಕು ಕೋಡು. ‘ಟಿಸಿಎಂ ಹೋಗಿದೆ ಸಾರ್. ಎಪ್ಪತ್ನಾಲ್ಕು ಸಾವಿರ ಆಗುತ್ತೆ. ಪಾರ್ಟು ಬರಲಿಕ್ಕೆ ಹನ್ನೆರಡು ದಿನ.’ ಏನೇನು ಪರೀಕ್ಷೆ ಮಾಡಿದಿರಿ ಎಂದು ಕೇಳಿದೆ. ಆ ಹುಡುಗ ಚೀಟಿಯನ್ನೇ ಮತ್ತೊಮ್ಮೆ ತೋರಿಸಿದ. ಅವನನ್ನು ನಾನು ದೂರುವುದಿಲ್ಲ. ಅವನಿಗೆ ಕಲಿಸಿದ್ದು ಅಷ್ಟೇ. ಆದರೆ ಚೀಟಿಯಲ್ಲಿದ್ದದ್ದು ಪರೀಕ್ಷೆಯ ಫಲಿತಾಂಶವಲ್ಲ, ರೋಗಿಯ ದೂರು ಮಾತ್ರ.

ಇಲ್ಲಿ ಕೋಡುಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್-4 ಕಾರುಗಳಿಗೆ, ದೋಷವನ್ನು ಕಾರೇ ಗುರುತಿಸಿ ಕೋಡು ಬರೆದಿಡುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಯಿತು. ಸ್ಟೀರಿಂಗಿನ ಕೆಳಗೆ ಕೈಯಾಡಿಸಿದರೆ ಸಿಗುವ 16 ಪಿನ್ನಿನ ಸಾಕೆಟ್ಟು ಅದರದ್ದೇ. ಸಾವಿರ ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ಕೊಂಡು ಮೊಬೈಲಿನಲ್ಲಿ ನೋಡುವವರೂ ಈಗ ಬೇಕಾದಷ್ಟಿದ್ದಾರೆ. ಅಂಥವರಿಗೆ ಹೆಚ್ಚಾಗಿ ಕಾಣುವುದು ಪಿ0700 ಒಂದೇ. ಇದು ಇಂಜಿನ್ನಿನ ಕಂಪ್ಯೂಟರ್ ಹೇಳುವ ಮಾತು: ‘ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಏನೋ ಹೇಳಲಿಕ್ಕಿದೆಯಂತೆ, ಅದನ್ನು ಕೇಳಿ.’ ಮನೆಗೆ ಪತ್ರ ಬಂದಿದೆ ಎಂಬ ಸುದ್ದಿ ಅದು, ಪತ್ರದಲ್ಲಿರುವ ವಿಷಯವಲ್ಲ. ವಿಷಯ ತಿಳಿಯಬೇಕಾದರೆ ಟಿಸಿಎಂ ಜೊತೆಗೇ ನೇರ ಮಾತನಾಡಬಲ್ಲ ಸ್ಕ್ಯಾನರ್ ಬೇಕು. ಪಿ0715 ಬಂದರೆ ಒಳಬರುವ ವೇಗದ ಸೆನ್ಸರಿನ ಕಡೆ, ಪಿ0720 ಬಂದರೆ ಹೊರಹೋಗುವ ವೇಗದ ಸೆನ್ಸರಿನ ಕಡೆ ನೋಡಬೇಕು. ಪಿ0730 ಎಂದರೆ ಆಜ್ಞೆಯಾದ ಗೇರಿಗೂ ಹಿಡಿದಿರುವ ಗೇರಿಗೂ ತಾಳೆಯಿಲ್ಲ ಎಂದು. ಬಹಳ ಸಲ ಅದು ಕ್ಲಚ್ಚು ಸವೆದದ್ದರಿಂದಲೋ ಎಣ್ಣೆ ಕಡಿಮೆಯಾದದ್ದರಿಂದಲೋ ಬರುತ್ತದೆ. ಟಿಸಿಎಂ ಒಳಗೇ ದೋಷ ಎಂದು ನೇರವಾಗಿ ಬೊಟ್ಟು ಮಾಡುವ ಕೋಡು ಪಿ0613. ಯು0101 ಬಂದರೆ ಟಿಸಿಎಂ ಜೊತೆ ಸಂಪರ್ಕವೇ ತಪ್ಪಿದೆ ಎಂದು. ಆದರೆ ತಪ್ಪಿದ್ದು ಟಿಸಿಎಂ ಸತ್ತದ್ದರಿಂದಲೋ, ಅದಕ್ಕೆ ಊಟ ಹೋಗದ್ದರಿಂದಲೋ, ಮಾತಿನ ತಂತಿ ಹರಿದದ್ದರಿಂದಲೋ ಎಂಬುದನ್ನು ಆ ಕೋಡು ಹೇಳುವುದಿಲ್ಲ. ಇನ್ನೊಂದು ವಿಷಯ. ಕೋಡು ಹುಟ್ಟಿದ ಕ್ಷಣದ ವೇಗ, ಉಷ್ಣತೆ, ವೋಲ್ಟೇಜುಗಳ ಲೆಕ್ಕವನ್ನು ಕಂಪ್ಯೂಟರ್ ಜೊತೆಯಲ್ಲೇ ಬರೆದಿಟ್ಟಿರುತ್ತದೆ. ಕೋಡು ಅಳಿಸಿದರೆ ಅದೂ ಅಳಿಯುತ್ತದೆ. ‘ಎರೇಸ್ ಮಾಡಿ ಕೊಡ್ತೀನಿ, ಓಡಿಸಿ ನೋಡಿ’ ಎಂದು ಯಾರಾದರೂ ಅಂದರೆ ಮೊದಲು ಆ ಲೆಕ್ಕ ಕಾಣುವ ಪುಟದ ಫೋಟೊ ತೆಗೆದುಕೊಳ್ಳಿ.

ನಾನು ಅಂದು ಎಪ್ಪತ್ನಾಲ್ಕು ಸಾವಿರಕ್ಕೆ ಒಪ್ಪದೆ ಕಾರನ್ನು ನಿಧಾನವಾಗಿ ಓಡಿಸಿಕೊಂಡು ಬಿ.ಎಂ. ರಸ್ತೆಯ ಬದಿಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ನರ ಹತ್ತಿರ ಹೋದೆ. ಅರವತ್ತರ ಆಸುಪಾಸಿನವರು, ಲಾರಿಗಳ ಡೈನಮೋ ಕಾಲದಿಂದ ವೈರಿಂಗ್ ಮಾಡುತ್ತ ಬಂದವರು. ಚೀಟಿ ನೋಡಿ ಕನ್ನಡಕವನ್ನು ಹಣೆಗೇರಿಸಿ ಅಂದರು: ‘ಸಾರ್, ಮನೇಲಿ ನಾಲ್ಕೂ ಮಕ್ಳಿಗೆ ಒಂದೇ ದಿನ ಜ್ವರ ಬಂದ್ರೆ ಮಕ್ಳನ್ನ ಒಬ್ಬೊಬ್ರನ್ನೇ ನೋಡ್ತಾ ಕೂರಬಾರ್ದು. ಬಾವಿ ನೀರು ನೋಡ್ಬೇಕು.’

ಟಿಸಿಎಂ ದೋಷ ಹುಡುಕುವ ವಿದ್ಯೆಯ ಮುಕ್ಕಾಲು ಪಾಲು ಈ ಒಂದು ಮಾತಿನಲ್ಲಿದೆ ಎಂದು ಇಷ್ಟು ವರ್ಷಗಳ ಮೇಲೂ ನನಗೆ ಅನ್ನಿಸುತ್ತದೆ. ನಾಲ್ಕು ಸೊಲೆನಾಯ್ಡ್‌ಗಳು ಒಟ್ಟಿಗೆ ಕೆಡುವುದಿಲ್ಲ. ಒಟ್ಟಿಗೆ ಕೆಟ್ಟಂತೆ ಕಂಡರೆ ಅವುಗಳಿಗೆಲ್ಲ ಸಾಮಾನ್ಯವಾಗಿರುವುದನ್ನು ನೋಡಬೇಕು. ಸಾಮಾನ್ಯವಾಗಿರುವುದು ಟಿಸಿಎಂ ಕೂಡ ಹೌದು, ನಿಜ. ಆದರೆ ಅದಕ್ಕೂ ಹಿಂದೆ ಅದರ ಫ್ಯೂಸು, ಅದಕ್ಕೆ ಬರುವ ಪ್ಲಸ್ಸು, ಅದರಿಂದ ಹೋಗುವ ಅರ್ತಿಂಗು, ಅದರ ಸಾಕೆಟ್ಟು ಇವೆ. ಇವುಗಳಲ್ಲಿ ಪ್ರತಿಯೊಂದೂ ಟಿಸಿಎಂಗಿಂತ ಅಗ್ಗ, ಪ್ರತಿಯೊಂದೂ ಟಿಸಿಎಂಗಿಂತ ಬೇಗ ಕೆಡುವಂಥದ್ದು.

ಆ ಎಲೆಕ್ಟ್ರಿಷಿಯನ್ ಮೊದಲು ಬ್ಯಾಟರಿ ನೋಡಿದರು. ಇಂಜಿನ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ 12.6 ವೋಲ್ಟ್ ಇರಬೇಕು, ಇತ್ತು. ಇಂಜಿನ್ ಓಡುವಾಗ 14ರ ಹತ್ತಿರ ಇರಬೇಕು, ಅದೂ ಇತ್ತು. ಆಮೇಲೆ ಟಿಸಿಎಂ ಸಾಕೆಟ್ಟಿನ ಅರ್ತಿಂಗ್ ವೈರಿಗೆ ಮಲ್ಟಿಮೀಟರಿನ ಕೆಂಪು ಕಡ್ಡಿ, ಬ್ಯಾಟರಿಯ ಮೈನಸ್ ಕಂಬಕ್ಕೆ ಕಪ್ಪು ಕಡ್ಡಿ ಇಟ್ಟರು. ಮೀಟರನ್ನು ಓಮ್ಸಿಗೆ ತಿರುಗಿಸಲಿಲ್ಲ, ವೋಲ್ಟಿನಲ್ಲೇ ಇಟ್ಟರು. ಇಂಜಿನ್ ಓಡುತ್ತಿತ್ತು. ಮೀಟರ್ 0.11 ತೋರಿಸಿತು. ‘ನೂರು ಮಿಲಿವೋಲ್ಟ್ ದಾಟ್ಬಾರ್ದು. ಅಂಚಿನಲ್ಲಿದೆ’ ಅಂದು ಎಸಿ ಹಾಕಲು ಹೇಳಿದರು. ರೇಡಿಯೇಟರಿನ ಫ್ಯಾನು ಗೊರ್ ಎಂದು ತಿರುಗಿತು. ಮೀಟರು 1.4ಕ್ಕೆ ನೆಗೆಯಿತು! ಬ್ಯಾಟರಿ ಬಿಚ್ಚಿ, ಅದರ ತಟ್ಟೆ ಎತ್ತಿದರೆ ಕೆಳಗೆ ಬಾಡಿಗೆ ಕಚ್ಚಿದ್ದ ಒಂದು ಬೋಲ್ಟು. ಅದರ ಸುತ್ತ ಹಸಿರು ಬಿಳಿ ಕಿಲುಬು ಹಪ್ಪಳದಂತೆ ಎದ್ದಿತ್ತು. ಟಿಸಿಎಂನ ಅರ್ತಿಂಗೂ ಫ್ಯಾನಿನ ಅರ್ತಿಂಗೂ ಅದೇ ಬೋಲ್ಟಿಗೆ ಬಿಗಿದಿದ್ದರು.

ಘಾಟಿಯಲ್ಲಿ ನಡೆದದ್ದು ಆಗ ನನಗೆ ಹೊಳೆಯಿತು. ಏರಿನಲ್ಲಿ ಇಂಜಿನ್ ಬಿಸಿ, ಎಸಿ ಚಾಲೂ, ಫ್ಯಾನು ಪೂರ್ತಿ ವೇಗದಲ್ಲಿ. ಫ್ಯಾನು ಎಳೆಯುವ ಇಪ್ಪತ್ತು ಆಂಪಿಯರಿನಷ್ಟು ಕರೆಂಟು ಆ ಕಿಲುಬು ಹಿಡಿದ ಬೋಲ್ಟಿನ ಮೂಲಕವೇ ವಾಪಸಾಗಬೇಕು. ಟಿಸಿಎಂ ಸೊನ್ನೆ ಎಂದು ನಂಬಿಕೊಂಡಿದ್ದ ನೆಲ ಸೊನ್ನೆಯಾಗಿ ಉಳಿಯಲಿಲ್ಲ. ಅಳೆಯುವ ಕೋಲಿನ ಬುಡವೇ ಅಲ್ಲಾಡಿದರೆ ಅಳತೆಗಳೆಲ್ಲ ತಪ್ಪುತ್ತವೆ. ಗುಂಡಿಯಲ್ಲಿ ಕಾರು ಎಗರಿದಾಗಲಂತೂ ಇದ್ದ ಸಂಪರ್ಕವೂ ಕ್ಷಣಮಾತ್ರ ತಪ್ಪುತ್ತಿತ್ತು. ನಾಲ್ಕೂ ಸೊಲೆನಾಯ್ಡ್‌ಗಳ ಲೆಕ್ಕ ಒಟ್ಟಿಗೇ ಕೆಟ್ಟಿತು, ಟಿಸಿಎಂ ಕೈಬಿಟ್ಟಿತು. ಕೀ ತೆಗೆದು ಹಾಕಿದಾಗ ಅದು ಹೊಸದಾಗಿ ಎಲ್ಲವನ್ನೂ ಪರೀಕ್ಷಿಸಿ ಸರಿಯಿದೆ ಎಂದುಕೊಂಡು ಮತ್ತೆ ಕೆಲಸಕ್ಕೆ ನಿಲ್ಲುತ್ತಿತ್ತು.

ಓಮ್ಸಿನಲ್ಲಿ ಅಳೆದಿದ್ದರೆ ಆ ಬೋಲ್ಟು ಸಿಕ್ಕಿಬೀಳುತ್ತಿರಲಿಲ್ಲ. ಅಲ್ಲಿದ್ದ ಪ್ರತಿರೋಧ ಒಂದು ಓಮಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಸಾಮಾನ್ಯ ಮೀಟರಿನ ಕಡ್ಡಿಗಳಿಗೇ ಅದಕ್ಕಿಂತ ಹೆಚ್ಚು ಪ್ರತಿರೋಧ ಇರುತ್ತದೆ. ಸವೆದ ಬಾವಿ ಹಗ್ಗ ಖಾಲಿ ಕೊಡವನ್ನು ಇಳಿಬಿಟ್ಟಾಗ ಗಟ್ಟಿಯಾಗಿಯೇ ಇರುತ್ತದೆ, ತುಂಬಿದ ಕೊಡ ಎಳೆಯುವಾಗಲೇ ಅದರ ಬಂಡವಾಳ ಗೊತ್ತಾಗುವುದು. ವೈರನ್ನೂ ಹಾಗೇ, ಹೊರೆ ಹೊರಿಸಿ ನೋಡಬೇಕು. ಪ್ಲಸ್ ವೈರಿಗೂ ಇದೇ ನ್ಯಾಯ. ಬರೀ ಮೀಟರ್ ಇಟ್ಟು 12 ವೋಲ್ಟ್ ಬಂತು ಅಂದರೆ ಸಾಲದು. ಹೆಡ್‌ಲೈಟಿನ ಒಂದು ಬಲ್ಬನ್ನು ಆ ವೈರಿಗೆ ಕಟ್ಟಿ, ಅದು ಪೂರ್ತಿ ಬೆಳಕಿನಲ್ಲಿ ಉರಿಯುತ್ತದೆಯೇ ನೋಡಬೇಕು. ಒಂದೇ ಎಳೆ ಉಳಿದ ವೈರು ಮೀಟರನ್ನು ನಂಬಿಸಬಲ್ಲದು, ಬಲ್ಬನ್ನು ನಂಬಿಸಲಾರದು.

ಎಮರಿ ಪೇಪರಿನಿಂದ ಬೋಲ್ಟನ್ನೂ ಬಾಡಿಯ ತಗಡನ್ನೂ ಹೊಳೆಯುವಂತೆ ಉಜ್ಜಿ, ಹೊಸ ಲಗ್ ಹಾಕಿ, ಬಿಗಿದು, ಮೇಲೆ ಗ್ರೀಸ್ ಸವರಿದರು. ಫ್ಯಾನು ತಿರುಗುವಾಗಲೂ ಮೀಟರು 0.03ರಲ್ಲಿ ನಿಂತಿತು. ನಾನೂರು ರೂಪಾಯಿ ತೆಗೆದುಕೊಂಡರು. ಆ ಕಾರು ಆಮೇಲೆ ಐದು ವರ್ಷ ನನ್ನ ಹತ್ತಿರವೇ ಇತ್ತು, ಅದೇ ಟಿಸಿಎಂ ಇಟ್ಟುಕೊಂಡು.

ಹಾಗೆಂದು ಟಿಸಿಎಂ ಕೆಡುವುದೇ ಇಲ್ಲ ಎನ್ನುವ ಗುಂಪಿಗೆ ನಾನು ಸೇರಿದವನಲ್ಲ. ಕೆಡುತ್ತದೆ. ಫೋರ್ಡ್ ಕಂಪನಿಯ ಡಬಲ್ ಕ್ಲಚ್ಚಿನ ಪವರ್‌ಶಿಫ್ಟ್ ಗೇರ್‌ಬಾಕ್ಸಿನ ಟಿಸಿಎಂಗಳು ಎಷ್ಟರಮಟ್ಟಿಗೆ ತೊಂದರೆ ಕೊಟ್ಟವೆಂದರೆ, ಅಮೆರಿಕದಲ್ಲಿ ಫಿಯೆಸ್ಟಾ, ಫೋಕಸ್ ಕಾರುಗಳ ಆ ಒಂದು ಭಾಗಕ್ಕೆ ಕಂಪನಿ 10 ವರ್ಷ ಅಥವಾ ಒಂದೂವರೆ ಲಕ್ಷ ಮೈಲಿಯವರೆಗೆ ಹೊಣೆ ವಿಸ್ತರಿಸಬೇಕಾಯಿತು. ಆ ಬಗೆಯ ಗೇರ್‌ಬಾಕ್ಸು ಇಲ್ಲಿಯ ಇಕೋಸ್ಪೋರ್ಟ್ ಪೆಟ್ರೋಲ್ ಆಟೋಮ್ಯಾಟಿಕ್‌ನಲ್ಲೂ ಬಂದಿತ್ತು. ಫೋಕ್ಸ್‌ವ್ಯಾಗನ್ ಕಂಪನಿ 2013ರ ನವೆಂಬರಿನಲ್ಲಿ ತನ್ನ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್ ಇರುವ 16 ಲಕ್ಷ ಕಾರುಗಳನ್ನು ಜಗತ್ತಿನಾದ್ಯಂತ ವಾಪಸು ಕರೆಯಿತು. ಸೆಕೆ ಮತ್ತು ತೇವ ಹೆಚ್ಚಿರುವ ಕಡೆ ಸಿಂಥೆಟಿಕ್ ಗೇರ್ ಆಯಿಲಿನ ದೆಸೆಯಿಂದ ಒಳಗಿನ ವಿದ್ಯುತ್ ಪೂರೈಕೆಯೇ ಕೈಕೊಡಬಹುದು ಎಂಬುದು ಕಾರಣ. ಆಯಿಲನ್ನು ತೆಗೆದು ಮಿನರಲ್ ಆಯಿಲ್ ತುಂಬಿದರು. ಈ ಗೇರ್‌ಬಾಕ್ಸಿನಲ್ಲಿ ನಿಯಂತ್ರಣದ ಕಂಪ್ಯೂಟರು, ಸೊಲೆನಾಯ್ಡ್‌ಗಳು, ಎಣ್ಣೆಯ ಪಂಪು ಎಲ್ಲವೂ ಮೆಕಾಟ್ರಾನಿಕ್ ಎಂಬ ಒಂದೇ ಘಟಕದಲ್ಲಿ ಕೂತಿರುತ್ತವೆ. ಅಂಥ ಕಾರುಗಳಲ್ಲಿ ನಿರ್ಣಯ ತಪ್ಪಿದರೆ ಬೀಳುವ ಬರೆ ಇನ್ನೂ ದೊಡ್ಡದು.

ನಿಜವಾಗಿ ಕೆಟ್ಟ ಟಿಸಿಎಂ ಒಂದನ್ನು ನಾನು ಹತ್ತಿರದಿಂದ ಕಂಡದ್ದು ಮೈಸೂರಿನಲ್ಲಿರುವ ನನ್ನ ತಂಗಿಯ ಕಾರಿನಲ್ಲಿ. ಬೆಳಗ್ಗೆ ಸರಿಯಾಗಿ ಓಡುವ ಕಾರು ಮಧ್ಯಾಹ್ನ ಶಾಲೆಯ ಮುಂದೆ ಸ್ಟಾರ್ಟೇ ಆಗುತ್ತಿರಲಿಲ್ಲ. ಮೀಟರ್ ಬೋರ್ಡಿನಲ್ಲಿ ಪಿ, ಆರ್, ಎನ್, ಡಿ ಅಕ್ಷರಗಳ ಜಾಗ ಖಾಲಿ. ಲಿವರ್ ಪಾರ್ಕಿನಲ್ಲಿದೆ ಎಂಬ ಮಾತು ಬರದೆ ಸ್ಟಾರ್ಟರಿಗೆ ಅನುಮತಿ ಸಿಗುತ್ತಿರಲಿಲ್ಲ. ಬಾನೆಟ್ ತೆಗೆದು ಒಂದು ಗಂಟೆ ನೆರಳಿನಲ್ಲಿ ನಿಲ್ಲಿಸಿದರೆ ಮತ್ತೆ ಸರಿ. ಕೋಡು ಯು0101.

ಈ ಸಲ ಅಲ್ಲಿಯ ಒಬ್ಬ ಮೆಕ್ಯಾನಿಕ್ ಜೊತೆ ಸೇರಿ ಎಲ್ಲವನ್ನೂ ಸಾಲಾಗಿ ನೋಡಿದೆವು. ಅರ್ತಿಂಗಿನಲ್ಲಿ 0.04 ವೋಲ್ಟ್. ಪ್ಲಸ್ಸಿಗೆ ಕಟ್ಟಿದ ಬಲ್ಬು ಧಗಧಗ ಉರಿಯಿತು. ಆಮೇಲೆ ಮಾತಿನ ತಂತಿ. ಕಾರಿನ ಕಂಪ್ಯೂಟರುಗಳೆಲ್ಲ ಒಂದಕ್ಕೊಂದು ಹೆಣೆದ ಎರಡು ತಂತಿಗಳಲ್ಲಿ ಪರಸ್ಪರ ಮಾತಾಡುತ್ತವೆ. ಇದಕ್ಕೆ ಕ್ಯಾನ್ ಎಂದು ಹೆಸರು. ಇದನ್ನು ರೂಪಿಸಿ 1986ರಲ್ಲಿ ಲೋಕದ ಮುಂದಿಟ್ಟದ್ದು ಜರ್ಮನಿಯ ಬಾಷ್. ಬೆಂಗಳೂರಿನ ಹಳಬರಿಗೆ ಮೈಕೋ ಎಂದರೆ ಬೇಗ ಗೊತ್ತಾಗುತ್ತದೆ, ಆಡುಗೋಡಿಯಲ್ಲಿದ್ದ ಆ ಕಾರ್ಖಾನೆಯ ಮೂಲಸಂಸ್ಥೆ. ಆ ತಂತಿ ಜೋಡಿಯ ಎರಡು ತುದಿಗಳಲ್ಲೂ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ, ಬ್ಯಾಟರಿ ಬಿಚ್ಚಿ 16 ಪಿನ್ನಿನ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಎಲ್ಲೋ ತುಂಡಾಗಿದೆ, ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಒಂದಕ್ಕೊಂದು ತಾಗಿದೆ. ತಂಗಿಯ ಕಾರಿನಲ್ಲಿ 60 ಇತ್ತು. ಸೊಲೆನಾಯ್ಡ್‌ಗಳ ಓಮ್ಸೂ ಕಂಪನಿಯ ಪುಸ್ತಕದಲ್ಲಿರುವ ಮಿತಿಯೊಳಗೇ ಇದ್ದವು.

ಕೊನೆಗೆ ಆ ಮೆಕ್ಯಾನಿಕ್ ತಂಗಿಯ ಹೇರ್ ಡ್ರೈಯರ್ ಕೇಳಿ ಪಡೆದರು. ತಣ್ಣಗಿದ್ದ ಕಾರನ್ನು ಸ್ಟಾರ್ಟ್ ಮಾಡಿ, ಸ್ಕ್ಯಾನರಿನಲ್ಲಿ ಟಿಸಿಎಂ ಮಾತಾಡುತ್ತಿರುವುದನ್ನು ನೋಡುತ್ತ, ಪೆಟ್ಟಿಗೆಯ ಮೇಲೆ ಬಿಸಿಗಾಳಿ ಬಿಟ್ಟರು. ಕೈ ಇಟ್ಟರೆ ತಾಳುವಷ್ಟೇ ಬಿಸಿ, ಹೆಚ್ಚಲ್ಲ. ಏಳೆಂಟು ನಿಮಿಷಕ್ಕೆ ಟಿಸಿಎಂ ತೆರೆಯಿಂದ ಮಾಯವಾಯಿತು. ಇಂಜಿನ್ನು, ಎಬಿಎಸ್, ಏರ್‌ಬ್ಯಾಗು ಎಲ್ಲ ಮಾತಾಡುತ್ತಿದ್ದವು, ಇದು ಮಾತ್ರ ಮೌನ. ಕೂಡಲೇ ಬಲ್ಬು ಕಟ್ಟಿ ನೋಡಿದರೆ ಪ್ಲಸ್ ಇದೆ, ಅರ್ತಿಂಗೂ ಇದೆ. ಊಟ ಹೋಗುತ್ತಿದೆ, ದಾರಿ ತೆರೆದಿದೆ, ಆದರೂ ಉತ್ತರವಿಲ್ಲ. ಬಿಸಿಗೆ ಒಳಗಿನ ಬೆಸುಗೆಯೋ ತಂತಿಯೋ ಬಾಯಿ ಬಿಡುತ್ತಿದೆ ಎಂದು ಆಗ ಹೇಳಬಹುದು. ‘ಟಿಸಿಎಂ ಹೋಗಿದೆ’ ಎಂಬ ಮಾತಿಗೆ ನಾನು ಒಪ್ಪುವ ಸಾಕ್ಷಿ ಇಂಥದ್ದು.

ಬದಲಾಯಿಸುವ ಕೆಲಸದಲ್ಲಿ ಬಿಚ್ಚಿ ಹಾಕುವುದು ಅತಿ ಚಿಕ್ಕ ಭಾಗ. ಬ್ಯಾಟರಿಯ ಮೈನಸ್ ತೆಗೆದು ಸ್ವಲ್ಪ ಹೊತ್ತು ಬಿಡಬೇಕು, ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯಲೆಂದು ಬಾಡಿಯ ತಗಡು ಮುಟ್ಟಬೇಕು, ಸಾಕೆಟ್ಟಿನ ಪಿನ್ನುಗಳಿಗೆ ಕೈ ತಾಗಿಸಬಾರದು. ನಾಲ್ಕು ಬೋಲ್ಟು, ಒಂದು ಸಾಕೆಟ್ಟು, ಅರ್ಧ ಗಂಟೆ. ಕಷ್ಟ ಆಮೇಲೆ ಶುರು. ಹೊಸ ಟಿಸಿಎಂ ಖಾಲಿ ಹಲಗೆಯ ಹಾಗೆ ಬರುತ್ತದೆ. ಅದಕ್ಕೆ ನಿಮ್ಮ ಕಾರಿನ ಸಾಫ್ಟ್‌ವೇರ್ ತುಂಬಬೇಕು, ಛಾಸಿ ನಂಬರ್ ಬರೆಯಬೇಕು. ತುಂಬುವಾಗ ಬ್ಯಾಟರಿ ಕುಸಿದರೆ ಕೆಲಸ ಅರ್ಧಕ್ಕೇ ನಿಂತು ಹೊಸ ಪೆಟ್ಟಿಗೆಯೇ ಸತ್ತುಹೋಗಬಹುದು. ಆದ್ದರಿಂದ ಪ್ರೋಗ್ರಾಮಿಂಗ್ ಮಾಡುವಷ್ಟು ಹೊತ್ತೂ ಬ್ಯಾಟರಿಗೆ ಒಳ್ಳೆಯ ಚಾರ್ಜರ್ ಆಸರೆ ಇರಲೇಬೇಕು. ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೆ ತಾಳೆಯಾಗಬೇಕು, ಇಲ್ಲವೇ ಹಳೆಯ ನಂಬರಿಗೆ ಬದಲಾಗಿ ಬಂದದ್ದು ಇದೇ ಎಂದು ಕಂಪನಿಯ ದಾಖಲೆಯಲ್ಲಿರಬೇಕು.

ಇದಾದ ಮೇಲೂ ಒಂದು ಹಂತ ಉಳಿಯುತ್ತದೆ. ಎಷ್ಟೋ ಗ್ಯಾರೇಜುಗಳು ಎಡವುವುದು ಅಲ್ಲೇ. ಹೊಸ ಟಿಸಿಎಂ ಹಾಕಿಸಿದ ಕಾರು ಕೈಗೆ ಬಂದ ಮರುದಿನ ತಂಗಿ ಫೋನ್ ಮಾಡಿದಳು: ‘ಅಣ್ಣಾ, ಮೊದಲೇ ವಾಸಿ ಇತ್ತು. ಈಗ ಒಂದೊಂದು ಗೇರಿಗೂ ಒದ್ದ ಹಾಗೆ ಆಗುತ್ತಿದೆ.’ ಹೊಸ ಟಿಸಿಎಂ ಕೆಟ್ಟಿರಲಿಲ್ಲ, ಅದಕ್ಕೆ ಪಾಠ ಹೇಳಿರಲಿಲ್ಲ. ಪ್ರತಿ ಗೇರ್‌ಬಾಕ್ಸಿನ ಕ್ಲಚ್ಚುಗಳೂ ಬೇರೆ ಬೇರೆ ಪ್ರಮಾಣದಲ್ಲಿ ಸವೆದಿರುತ್ತವೆ. ಯಾವ ಕ್ಲಚ್ಚು ಹಿಡಿಯಲು ಎಷ್ಟು ಎಣ್ಣೆ, ಎಷ್ಟು ಸಮಯ ಬೇಕು ಎಂಬುದನ್ನು ಹಳೆಯ ಟಿಸಿಎಂ ವರ್ಷಗಟ್ಟಲೆ ಕಲಿತು ನೆನಪಿನಲ್ಲಿ ಇಟ್ಟುಕೊಂಡಿತ್ತು. ಹೊಸದಕ್ಕೆ ಆ ನೆನಪಿಲ್ಲ. ಎಣ್ಣೆ ಬೆಚ್ಚಗಾದ ಮೇಲೆ ಸ್ಕ್ಯಾನರಿನಿಂದ ಅಡಾಪ್ಟೇಶನ್ ನಡೆಸಿ, ಆಮೇಲೆ ಹಗುರ ಕಾಲಿನಲ್ಲಿ ಗೇರುಗಳನ್ನು ಮತ್ತೆ ಮತ್ತೆ ಏರಿಸಿ ಇಳಿಸಿ ಓಡಿಸಿದರೆ ಮಾತ್ರ ಅದು ಹೊಂದಿಕೊಳ್ಳುತ್ತದೆ. ಕೆಲವು ಕಾರುಗಳಲ್ಲಂತೂ ಗೇರ್‌ಬಾಕ್ಸಿನ ಮೇಲೆ ಅಂಟಿಸಿರುವ ಚೀಟಿಯ ಉದ್ದನೆಯ ಸಂಖ್ಯೆಯನ್ನು ಹೊಸ ಟಿಸಿಎಂಗೆ ಓದಿ ಹೇಳಬೇಕು. ತಂಗಿಯ ಕಾರನ್ನು ವಾಪಸು ಕರೆದೊಯ್ದು ಅಡಾಪ್ಟೇಶನ್ ಮಾಡಿಸಿದ ಮೇಲೆ ಒದೆತ ನಿಂತಿತು. ಈ ಹಂತ ಬಿಟ್ಟುಬಿಟ್ಟು ‘ಗೇರ್‌ಬಾಕ್ಸೇ ಹೋಗಿದೆ’ ಎಂದು ಎರಡು ಲಕ್ಷದ ಅಂದಾಜು ಪಟ್ಟಿ ಕೊಟ್ಟ ಪ್ರಸಂಗವನ್ನೂ ಓದುಗರೊಬ್ಬರು ಬರೆದಿದ್ದಾರೆ. ಓದಿ ಹೊಟ್ಟೆ ಉರಿಯಿತು.

ಹಳೆಯದನ್ನು ತಂದು ಹಾಕಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಸಿಗುತ್ತದೆ, ಬೆಲೆಯೂ ಕಡಿಮೆ. ಆದರೆ ಅನೇಕ ಟಿಸಿಎಂಗಳು ಹಳೆಯ ಕಾರಿನ ಛಾಸಿ ನಂಬರಿಗೆ ಬೀಗ ಹಾಕಿಕೊಂಡಿರುತ್ತವೆ, ಇನ್ನೊಂದು ಕಾರಿನಲ್ಲಿ ಕೆಲಸ ಮಾಡಲು ಒಪ್ಪುವುದಿಲ್ಲ. ನಿಮ್ಮ ಹಳೆಯ ಟಿಸಿಎಂನ ನೆನಪನ್ನು ನಕಲು ತೆಗೆದು ಅದಕ್ಕೆ ತುಂಬಬಲ್ಲ ಕೈ ಗೊತ್ತಿದ್ದರೆ ಮಾತ್ರ ಮುಂದುವರಿಯಿರಿ. ನೀರಿನಲ್ಲಿ ಮುಳುಗಿದ ಕಾರಿನದ್ದಂತೂ ಬೇಡವೇ ಬೇಡ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಎಷ್ಟು ಕಾರುಗಳು ಮುಳುಗಿದ್ದವು ಎಂಬುದನ್ನು ನಾವೆಲ್ಲ ನೋಡಿದ್ದೇವೆ. ನೀರು ಹೊಕ್ಕ ಸಾಕೆಟ್ಟಿನಲ್ಲಿ ಕಿಲುಬು ಅವತ್ತೇ ಕಾಣುವುದಿಲ್ಲ, ತಿಂಗಳುಗಳ ಮೇಲೆ ಏಳುತ್ತದೆ.

ಎಣ್ಣೆಯೂ ನೀರಿನಷ್ಟೇ ಕಳ್ಳ. ಮರ್ಸಿಡಿಸ್‌ನ ಹಳೆಯ ಐದು ಗೇರಿನ ಆಟೋಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸಿನ ಬದಿಯ ಪ್ಲಗ್ಗಿನ ರಬ್ಬರ್ ಬಳೆ ಹಳತಾದರೆ ಎಣ್ಣೆ ವೈರಿನ ಎಳೆಗಳ ನಡುವೆ ನುಸುಳಿ, ದೀಪದ ಬತ್ತಿಯಲ್ಲಿ ಏರುವಂತೆ ಮೇಲೇರಿ, ಕಂಪ್ಯೂಟರಿನ ಪೆಟ್ಟಿಗೆಯನ್ನೇ ಸೇರುತ್ತದೆ. ಅಲ್ಲಿ ಪೆಟ್ಟಿಗೆ ಬದಲಿಸಿ ಬಳೆ ಹಾಗೇ ಬಿಟ್ಟರೆ ಹೊಸ ಪೆಟ್ಟಿಗೆಗೂ ಅದೇ ಗತಿ. ಸಾಕೆಟ್ಟು ಬಿಚ್ಚಿದಾಗ ಒಳಗೆ ಎಣ್ಣೆಯ ಪಸೆ ಇದೆಯೇ ಎಂದು ಬೆರಳಿಟ್ಟು ನೋಡುವುದಕ್ಕೆ ಒಂದು ನಿಮಿಷವೂ ಬೇಡ. ಹೆಗ್ಗಣ ಕಡಿದ ವೈರುಗಳದ್ದೇ ಬೇರೆ ಪುರಾಣ, ಅದನ್ನು ಇನ್ನೊಂದು ವಾರ ಬರೆಯುತ್ತೇನೆ.

ಎಎಂಟಿ, ಅಂದರೆ ಆಟೋಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್ ಇರುವ ಕಾರುಗಳವರಿಗೆ ಒಂದೇ ಮಾತು. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ನಮ್ಮ ಊರುಗಳಲ್ಲಿ ಆಟೋಮ್ಯಾಟಿಕ್ ಎಂದರೆ ಹೆಚ್ಚಾಗಿ ಇದೇ. ಇದರಲ್ಲಿ ಇರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚು ಒತ್ತುವ, ಗೇರು ಹಾಕುವ ಕೆಲಸವನ್ನಷ್ಟೇ ಯಂತ್ರ ಮಾಡುತ್ತದೆ. ಗೇರಿನ ಅಕ್ಷರ ಮಿಣುಕತೊಡಗಿ, ಲಿವರ್ ಹಾಕಿದರೂ ಕಾರು ಗೇರಿಗೆ ಬೀಳದಿದ್ದರೆ ಮೊದಲು ಹಿಂದಿನ ಬ್ರೇಕ್ ಲೈಟ್ ಹತ್ತುತ್ತಿದೆಯೇ ನೋಡಿ. ಬ್ರೇಕ್ ಪೆಡಲಿನ ಸ್ವಿಚ್ಚು ಕೆಟ್ಟರೆ ನೀವು ಬ್ರೇಕ್ ಒತ್ತಿದ್ದೀರಿ ಎಂಬುದೇ ಕಂಪ್ಯೂಟರಿಗೆ ಗೊತ್ತಾಗದೆ ಅದು ಗೇರು ಹಾಕಲು ಒಪ್ಪುವುದಿಲ್ಲ. ಆ ಸ್ವಿಚ್ಚಿನ ಬೆಲೆ ಕೆಲವು ನೂರು ರೂಪಾಯಿ.

ಈಗ ದಾವಣಗೆರೆಯವರ ಪ್ರಶ್ನೆಗೆ. ಹೊಸ ಟಿಸಿಎಂ ಹದಿನೆಂಟು ದಿನಕ್ಕೆ ಕೆಟ್ಟಂತೆ ಕಂಡರೆ ಎರಡು ಸಾಧ್ಯತೆಗಳನ್ನು ನಾನು ಮೊದಲು ನೋಡುತ್ತೇನೆ. ಹಳೆಯದೂ ಕೆಟ್ಟಿರಲಿಲ್ಲ, ಹೊಸದೂ ಕೆಟ್ಟಿಲ್ಲ, ಅರ್ತಿಂಗೋ ಸಾಕೆಟ್ಟೋ ಇನ್ನೂ ಹಾಗೇ ಇದೆ ಎಂಬುದು ಒಂದು. ಇಲ್ಲವೇ ಒಳಗಿನ ಒಂದು ಸೊಲೆನಾಯ್ಡ್ ಬಿಸಿಯಾದಾಗ ಶಾರ್ಟ್ ಆಗಿ ಮಿತಿ ಮೀರಿದ ಕರೆಂಟು ಎಳೆದು, ಟಿಸಿಎಂನಲ್ಲಿ ಅದನ್ನು ನಡೆಸುವ ಭಾಗವನ್ನೇ ಸುಡುತ್ತಿದೆ. ಹಾಗಿದ್ದರೆ ಮೂರನೆಯದನ್ನೂ ಸುಡುತ್ತದೆ. ಸೊಲೆನಾಯ್ಡ್‌ಗಳ ಓಮ್ಸನ್ನು ತಣ್ಣಗಿದ್ದಾಗ ಒಮ್ಮೆ, ಗೇರ್‌ಬಾಕ್ಸ್ ಬಿಸಿಯಾದಾಗ ಒಮ್ಮೆ ಅಳೆದರೆ ಕಳ್ಳ ಯಾರೆಂದು ಗೊತ್ತಾಗುತ್ತದೆ.

ಆದ್ದರಿಂದ ದಯವಿಟ್ಟು ಇನ್ನೊಂದು ಟಿಸಿಎಂಗೆ ಇವತ್ತೇ ಒಪ್ಪಿಗೆ ಕೊಡಬೇಡಿ. ಫ್ಯಾನು ತಿರುಗುವಾಗ ಟಿಸಿಎಂ ಅರ್ತಿಂಗಿನಲ್ಲಿ ಎಷ್ಟು ವೋಲ್ಟ್, 6 ಮತ್ತು 14ನೇ ಪಿನ್ನುಗಳ ನಡುವೆ ಎಷ್ಟು ಓಮ್, ಪ್ರತಿ ಸೊಲೆನಾಯ್ಡಿನದ್ದು ತಣ್ಣಗೆ ಎಷ್ಟು, ಬಿಸಿಗೆ ಎಷ್ಟು ಎಂಬ ಸಂಖ್ಯೆಗಳನ್ನು ಗ್ಯಾರೇಜಿನ ಹೆಸರಿರುವ ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಕಾರನ್ನು ಅಲ್ಲಿಂದ ತೆಗೆದುಕೊಂಡು ಹೋಗಿ. ಬಿಲ್ಲಿನಲ್ಲಿ ಎಕ್ಸ್‌ಚೇಂಜ್ ಎಂದು ನಮೂದಿಸದೆ ಇದ್ದರೆ ಮೊದಲು ತೆಗೆದ ನಿಮ್ಮ ಹಳೆಯ ಟಿಸಿಎಂ ನಿಮ್ಮದೇ, ಅದನ್ನೂ ಕೇಳಿ ಪಡೆಯಿರಿ. ಅದು ಇನ್ನೂ ಜೀವಂತವಾಗಿರಬಹುದು. ಸಂಖ್ಯೆಗಳು ಕೈಗೆ ಬಂದ ದಿನವೇ ನನಗೊಂದು ಪತ್ರ ಹಾಕಿ.